ಭಾಂಡೆ ತೊಳೆಯುವ ಮಷೀನು

ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಮುಗಿಸಿ ಕಂತ್ರಾಟದಾರರು ಡೇರೆ ಕಿತ್ತ ವರ್ಷ, ಸವದತ್ತಿಯ ಹತ್ತಿರವಿದ್ದ ಅವರ ಕ್ಯಾಂಪಿನ ಸಾಮಾನನ್ನೆಲ್ಲ ಹರಾಜಿಗೆ ಹಾಕಿದರು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ಇಟ್ಟಿದ್ದ ನಿಜಗುಣಪ್ಪ ನಾಲ್ಕು ಬೆಂಚು ಸಿಕ್ಕರೆ ತರೋಣವೆಂದು ಹೋದವನು, ಹರಾಜಿನ ಕಾವಿನಲ್ಲಿ ಕೈ ಎತ್ತುತ್ತ ಹೋಗಿ, ಸಂಜೆ ಲಾರಿಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ ಹೇರಿಸಿಕೊಂಡು ಬಂದ. ಎಂಟು ಜನ ಹಮಾಲರು ಅದನ್ನು ಇಳಿಸುವಷ್ಟರಲ್ಲಿ ಹೋಟೆಲ್ಲಿನ ಮುಂದೆ ದಾರಿ ಕಟ್ಟುವಷ್ಟು ಜನ ಸೇರಿದ್ದರು.

"ಇದು ತಿಜೋರಿ" ಎಂದ ಒಬ್ಬ. "ಅಲ್ಲೋ, ಪಾವು-ಬ್ರೆಡ್ಡು ಸುಡೂ ಭಟ್ಟಿ" ಎಂದ ಇನ್ನೊಬ್ಬ.

"ಭಾಂಡೆ ತೊಳ್ಯೂ ಮಷೀನರೀ!" ನಿಜಗುಣಪ್ಪ ಬೆವರೊರೆಸಿಕೊಳ್ಳುತ್ತ ಹೇಳಿದ. "ಸಾಹೇಬರ ಮೆಸ್ಸಿನಾಗಿಂದು. ಕಪ್ಪು-ಬಸಿ ಒಳಗಿಟ್ಟು ಬಾಗಲಾ ಹಾಕಿದ್ರ ತಾನ ತೊಳದ ಕೊಡತೈತಿ. ಇಂಗ್ಲಂಡದ ಮಾಲು."

"ನಡೀತೈತೇನು?"

ನಿಜಗುಣಪ್ಪ ಉತ್ತರ ಹುಡುಕುತ್ತಿರುವಾಗಲೇ ರಸ್ತೆಯ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು. "ನಡಿಯೂದು ಆಮ್ಯಾಲ. ಮೊದಲ ಅದನ್ನ ನೆಟ್ಟಗ ನಿಲ್ಲಸ್ರಿ. ತೆಲಿಕೆಳಗ ಇಟ್ಟೀರಿ."

ಜನ ಗೊಳ್ಳೆಂದು ನಕ್ಕರು. ಆಮೇಲೆ ಪೆಟ್ಟಿಗೆಯ ಹಿತ್ತಾಳೆ ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳು ಕಾಲು ಮೇಲೆ ಮಾಡಿಕೊಂಡಿರುವುದು ಸಾಲಿ ಮಾಸ್ತರೊಬ್ಬರ ಕಣ್ಣಿಗೆ ಬಿದ್ದು, ನಗು ಅಲ್ಲಿಗೇ ನಿಂತಿತು.

ಆ ದನಿ ರಾಯವ್ವನದು. ಸಂಪಗಾಂವದ ಹೆಣ್ಣು. ಹದಿನಾರಕ್ಕೆ ಮದುವೆಯಾಗಿ, ಹಡಗಿನ ಮಾಲು ಇಳಿಸುವ ಗೋದಿಯಲ್ಲಿ ದುಡಿಯುತ್ತಿದ್ದ ಗಂಡ ಪರಸಪ್ಪನ ಜೊತೆ ಮುಂಬಯಿ ಸೇರಿದ್ದಳು. ಅಲ್ಲಿ ದೊಡ್ಡದೊಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಇಂಥದೇ ಮಷೀನಿನ ಮುಂದೆ ನಿಂತವಳು. ಅದು ಕೆಟ್ಟಾಗಲೆಲ್ಲ ಮಿಸ್ತ್ರಿಯ ಪಕ್ಕದಲ್ಲಿ ನಟ್ಟು ತಿರುವುವ ಪಾನಾ ಹಿಡಿದು ಕೂತು, ಕಡೆಕಡೆಗೆ ಮಿಸ್ತ್ರಿಯನ್ನು ಕರೆಯುವುದನ್ನೇ ಬಿಟ್ಟಿದ್ದಳು. ಅಲ್ಲಿಯೇ ಗಂಡ ಹೆಂಡತಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಪರಸಪ್ಪ ತೀರಿಕೊಂಡ ಮೇಲೆ ರಾಯವ್ವ ಬೈಲಹೊಂಗಲಕ್ಕೆ ಬಂದು ತಮ್ಮ ಶಂಕ್ರೆಪ್ಪನ ಮನೆಯಲ್ಲಿದ್ದಳು. ಶಂಕ್ರೆಪ್ಪ ನೀರೆತ್ತುವ ಪಂಪು, ಮೋಟಾರು ರಿಪೇರಿ ಮಾಡುತ್ತಿದ್ದ. ಸುತ್ತಲಿನ ಹತ್ತು ಹಳ್ಳಿಯ ರೈತರು ಅವನ ಕೈಗುಣ ಹೊಗಳುತ್ತಿದ್ದರು. ಹೊಗಳಿದರೂ, ಅವನು ಹೋಟೆಲ್ಲಿಗೆ ಬಂದರೆ ಹೊರಗೋಡೆಯ ಗೂಡಿನ ಹತ್ತಿರವೇ ನಿಲ್ಲಬೇಕಿತ್ತು. ಆ ಗೂಡಿನಲ್ಲಿ ಏಳು ಕಪ್ಪು-ಬಸಿ. ಕೇರಿಯವರು ಬಂದರೆ ಅದರಲ್ಲೊಂದನ್ನು ತಾವೇ ಎತ್ತಿಕೊಳ್ಳಬೇಕು, ಮೇಲಿನಿಂದ ಸುರಿದ ಚಹಾ ನಿಂತೇ ಕುಡಿಯಬೇಕು, ನಳದ ಕೆಳಗೆ ತೊಳೆದು ಮತ್ತೆ ಗೂಡಿಗಿಡಬೇಕು.

ರಾಯವ್ವ ಊರಿಗೆ ಬಂದು ಎರಡು ವರ್ಷವಾಗಿತ್ತು. ಆ ಹೋಟೆಲ್ಲಿನ ಒಂದು ಹನಿ ಚಹಾ ಅವಳ ಗಂಟಲಿಗಿಳಿದಿರಲಿಲ್ಲ.

ಮಷೀನು ನೆಟ್ಟಗಾದ ಮೇಲೆ ಅವಳು ಬಗ್ಗಿ ಅದರ ಬಾಗಿಲನ್ನು ಮೇಲಕ್ಕೆ ಸರಿಸಿ ಒಳಗೆ ಕೈ ಹಾಕಿದಳು. ತಳದ ಪಂಪಿನ ಪಂಖ ಮೂರು ಹೋಳಾಗಿತ್ತು. ನೀರು ಚಿಮ್ಮುತ್ತ ಸುತ್ತಬೇಕಾದ ತೂತಿನ ಕೊಳವೆ ಇರಲೇ ಇಲ್ಲ. ಯಾರೋ ಹಿತ್ತಾಳೆಯ ಆಸೆಗೆ ಕಿತ್ತುಕೊಂಡಿದ್ದರು. ನೀರು ಕಾಯಿಸುವ ಸುರುಳಿ ಸುಟ್ಟಿತ್ತು. ಬಾಗಿಲಿನ ರಬ್ಬರು ಮುಟ್ಟಿದರೆ ಉದುರುತ್ತಿತ್ತು.

"ನಡಸಬೌದು" ಎಂದಳು.

"ನೀನs?" ನಿಜಗುಣಪ್ಪ ನಕ್ಕ. ಆದರೆ ಅವನ ಹೆಂಡತಿ ಚನ್ನವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭಾಂಡೆ ತಿಕ್ಕುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ ಸೇರಿಕೊಂಡ ಮೇಲೆ ದಿನಕ್ಕೆ ನಾನೂರು ಕಪ್ಪು ಅವಳ ಕೈಗೇ ಬಂದಿದ್ದವು. ತೊಳೆಯುವ ಸೋಡಾದ ನೀರಿಗೆ ಬೆರಳ ಸಂದಿಗಳೆಲ್ಲ ಒಡೆದಿದ್ದವು. "ನಡಸತೇನಿ ಅಂತಾಳಲ್ಲ, ನಡಸಲಿ ಬಿಡ್ರಿ" ಎಂದಳು.

"ಆತು. ಕೂಲಿ ಏನ ಬೇಕ ಹೇಳು."

"ಕೂಲಿ ಎಲ್ಲಾರಿಗೂ ಕೊಡೂವಷ್ಟ ಕೊಡ್ರಿ. ನಂದೊಂದ ಶರತ್ತ ಐತಿ." ರಾಯವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಮಷೀನ ನಡೀತಂದ್ರ ಈ ಹೋಟೆಲ್ಲಿನ ಎಲ್ಲಾ ಕಪ್ಪು ಅದರಾಗ ಕೂಡೇ ತೊಳೀಬೇಕು. ಆ ಗೂಡಿನಾಗಿನ್ವೂ. ತೊಳದ ಮ್ಯಾಲ ಯಾವ ಕಪ್ಪೂ ಮತ್ತ ಗೂಡಿಗಿ ಹೋಗಬಾರದು."

ನಿಜಗುಣಪ್ಪ ಒಳಗಿನ ಒಡೆದ ಪಂಖದತ್ತ ನೋಡಿದ, ಕಾಣೆಯಾದ ಕೊಳವೆಯ ಜಾಗ ನೋಡಿದ. ಸುತ್ತ ನಿಂತವರತ್ತ ಕಣ್ಣು ಮಿಟುಕಿಸಿದ. "ಆತವಾ, ಆತು! ನಡಸು ಮೊದಲ!"

"ಮಾಸ್ತರ್ರ, ಕೇಳಿದ್ರಿಲ್ಲೋ?" ಎಂದಳು ರಾಯವ್ವ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಅತ್ತಿತ್ತ ನೋಡಿ, ಹೂಂ ಎಂದರು.

ಮಷೀನನ್ನು ಹಿತ್ತಲಿನ ತಗಡಿನ ಮಾಡಿನ ಕೆಳಗಿಡಿಸಿದರು. ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಅಂಥ ಮಷೀನಿನ ಸಾಮಾನು ಹುಬ್ಬಳ್ಳಿಯಲ್ಲೂ ಸಿಗುವಂತಿರಲಿಲ್ಲ. ಹಾಗೆಂದು ರಾಯವ್ವ ಕೈಕಟ್ಟಿ ಕೂಡಲಿಲ್ಲ. ತಮ್ಮನ ಅಂಗಡಿಗೆ ಬರುವ ರೈತರನ್ನು, ಲಾರಿ ಡ್ರೈವರುಗಳನ್ನು, ಗುಜರಿಯವರನ್ನು ಕೇಳತೊಡಗಿದಳು: ಹಿಂಗಿಂಗ ಇರೂ ಪೆಟಗಿ ಎಲ್ಯಾರ ಕಂಡೀರೇನು? ಮೂರನೆಯ ವಾರ ಕಿತ್ತೂರಿನ ಕಡೆಯ ಡ್ರೈವರೊಬ್ಬ ಸುದ್ದಿ ತಂದ. ಅಲ್ಲಿ ಹಣಮಂತಪ್ಪನೆಂಬ ಪಿಂಚಣಿದಾರ ಇದ್ದಾನೆ, ಮಿಲಿಟರಿಯಲ್ಲಿ ಅಡುಗೆಯವನಾಗಿದ್ದ, ಅವನ ಬಚ್ಚಲಿನಲ್ಲಿ ಇಂಥದೇನೋ ಇದೆ.

ಮರುದಿನವೇ ರಾಯವ್ವ ಕಿತ್ತೂರಿನ ಬಸ್ಸು ಹತ್ತಿದಳು. ಹಣಮಂತಪ್ಪ ಬೆಳಗಾವಿಯ ಮಿಲಿಟರಿ ಗುಜರಿಯಲ್ಲಿ ಕೊಂಡ ಅರ್ಧ ಮಷೀನನ್ನು ಸ್ನಾನದ ನೀರು ತುಂಬಲು ಇಟ್ಟುಕೊಂಡಿದ್ದ. ಬೇರೆ ಕಂಪನಿಯದು, ನಿಜಗುಣಪ್ಪನದಕ್ಕಿಂತ ಹತ್ತು ಹದಿನೈದು ವರ್ಷ ಈಚಿನದು. ಆದರೆ ತಳದಲ್ಲಿ ಪಂಪು ಹಾಗೆಯೇ ಇತ್ತು. ತಾನು ಯಾರು, ಏಕೆ ಬಂದೆ ಎಂದು ರಾಯವ್ವ ಹೇಳಿ ಮುಗಿಸುವ ಮೊದಲೇ ಮುದುಕ ಪಾನಾ ತಂದ.

"ಮೆಸ್ಸಿನಾಗ ಒಂದ ಹೊತ್ತಿಗಿ ಆರನೂರ ತಾಟು ತೊಳೀತಿತ್ತವ್ವಾ ಇದು" ಎಂದ. "ಯಾರ ತಾಟು ಯಾವುದಂತ ಕೇಳಾವರು ಯಾರು? ಪಂಜಾಬಿ, ಮದ್ರಾಸಿ, ಮರಾಠಾ, ನಾನು, ನಿಮ್ಮಾವರು, ಎಲ್ಲಾ ಒಂದ ಟ್ರೇದಾಗ. ಊರಿಗಿ ಬಂದ ಮ್ಯಾಲ ನಾನೂ ಎಲ್ಲಾ ಮರತೆ ನೋಡು." ಆ ಕೊನೆಯ ಮಾತನ್ನು ಅವನು ತನಗೇ ಎಂಬಂತೆ ಹೇಳಿದ. ಪಂಖ ಬಿಚ್ಚಿಕೊಟ್ಟ. ಹಣ ಕೊಡಲು ಹೋದರೆ ಕೈ ಅಡ್ಡ ಹಿಡಿದ.

ತೂತಿನ ಕೊಳವೆ ಸಿಕ್ಕಿದ್ದು ರಾಮದುರ್ಗದ ಕಡೆಯ ಕಟಕೋಳದಲ್ಲಿ. ಅಲ್ಲಿನ ಗುರುಬಸವ್ವ ಎಂಬ ಜಮೀನುದಾರ ಹೆಂಗಸಿನ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದ ಡಾಕ್ಟರೊಬ್ಬ ಬಿಟ್ಟುಹೋದ ಅಮೆರಿಕದ ಮಷೀನಿತ್ತು. ದುಂಡನೆಯ, ಮೇಲಿನಿಂದ ಮುಚ್ಚಳ ತೆಗೆಯುವಂಥದು. ಗುರುಬಸವ್ವ ಅದರಲ್ಲಿ ಜೋಳ ತುಂಬಿದ್ದಳು.

ಕಟ್ಟೆಯ ಮೇಲೆ ಕೂತು ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುತ್ತಿದ್ದ ಗುರುಬಸವ್ವ ಮೊದಲು ಕೇಳಿದ್ದು, "ಯಾರ ಪೈಕಿ ನೀನು?"

ಮುಂಬಯಿಯಿಂದ ಬಂದ ಹೊಸದರಲ್ಲಾದರೆ ರಾಯವ್ವ ಈ ಪ್ರಶ್ನೆಗೆ ಸುತ್ತುಬಳಸಿ ಏನೋ ಹೇಳುತ್ತಿದ್ದಳು. ಈಗ ಆ ಚಾಳಿ ಬಿಟ್ಟಿದ್ದಳು. "ಸಂಪಗಾಂವದ ಹೊಲಗೇರಿಯಾಕಿ. ಈಗ ಬೌದ್ಧರು."

"ಹಂಗಾರ ಅಲ್ಲೇ ನಿಲ್ಲು."

"ನಿಲ್ಲತೇನ್ರಿ. ಮಷೀನ ಇಲ್ಲಿಗಿ ತರಸ್ರಿ."

ಗುರುಬಸವ್ವನಿಗೆ ಈ ಉತ್ತರ ಹೊಸದು. ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಆಳುಗಳಿಗೆ ಹೇಳಿ ಜೋಳ ಖಾಲಿ ಮಾಡಿಸಿ ಡ್ರಮ್ಮನ್ನು ಅಂಗಳಕ್ಕೆ ಹೊರಿಸಿದಳು. ರಾಯವ್ವ ಬಿಸಿಲಲ್ಲಿ ಕೂತು, ಡ್ರಮ್ಮಿನೊಳಗೆ ಭುಜದವರೆಗೆ ಕೈ ಇಳಿಬಿಟ್ಟು, ಜೋಳದ ಧೂಳಿಗೆ ಕೆಮ್ಮುತ್ತ, ಜಗ್ಗದ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಕಾದು, ಮತ್ತೆ ತಿರುವಿ, ಮಧ್ಯಾಹ್ನದ ಹೊತ್ತಿಗೆ ಕೊಳವೆ ಬಿಚ್ಚಿದಳು. ಅಷ್ಟೂ ಹೊತ್ತು ಗುರುಬಸವ್ವ ಎದ್ದು ಒಳಗೆ ಹೋಗಲಿಲ್ಲ.

"ಆ ಡ್ರಮ್ಮಿನಾಗಿನ ಜ್ವಾಳಾ ನಾ ಇನ್ನ ಹೆಂಗ ತಿನ್ನಲಿ? ಒಳಗೆಲ್ಲಾ ಕೈಯಾಡಿಸಿದಿ" ಎಂದಳು ಕಡೆಗೆ.

"ಆ ಜ್ವಾಳಾ ಬಿತ್ತಿದಾವರು, ಕೊಯ್ದಾವರು, ರಾಶಿ ಮಾಡಿದಾವರು ಯಾರ್ರಿ ಯವ್ವಾ?" ರಾಯವ್ವ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ ಕೇಳಿದಳು. "ಅವರೂ ಕೈಲೇ ಮಾಡ್ಯಾರಲ್ಲ."

ಗುರುಬಸವ್ವ ಕೊಳವೆಯನ್ನು ಕಸಿದುಕೊಳ್ಳಲಿಲ್ಲ.

ಮೂರು ಮಷೀನುಗಳ ಸಾಮಾನು ಒಂದಕ್ಕೊಂದು ಸುಮ್ಮನೆ ಹೊಂದಿಕೊಳ್ಳಲಿಲ್ಲ. ಕಟಕೋಳದ ಕೊಳವೆಯ ನಡುವಿನ ತೂತು ದೊಡ್ಡದಾಗಿ ಲೊಡಲೊಡ ಅನ್ನುತ್ತಿತ್ತು. ಶಂಕ್ರೆಪ್ಪ ಜಿನ್ನಿಂಗ್ ಫ್ಯಾಕ್ಟರಿಯ ಲೇಥಿನಲ್ಲಿ ಆ ತೂತಿಗೆ ಬಿಗಿಯಾಗಿ ಕೂರುವ ಗನ್‌ಮೆಟಲ್ಲಿನ ಒಂದು ಬುಶ್ಶು ಕಡೆಸಿ ತಂದ. ಸುಟ್ಟ ಸುರುಳಿಯ ಬದಲಿಗೆ ಅಕ್ಕ ತಮ್ಮ ಸೇರಿ ಹಿತ್ತಲಿನ ತಾಮ್ರದ ಹಂಡೆಯಿಂದ ಕುದಿನೀರಿನ ಕೊಳಾಯಿ ಎಳೆದರು. ಬಾಗಿಲಿಗೆ ಟ್ರ್ಯಾಕ್ಟರಿನ ಟ್ಯೂಬು ಕೊಯ್ದು ಅಂಟಿಸಿದರು.

"ಅಕ್ಕಾ, ಈ ಮನಿಶಾ ಮಾತ ಉಳಸ್ಕೋತಾನ ಅಂತ ತಿಳದೀಯೇನು?" ಶಂಕ್ರೆಪ್ಪ ಒಂದು ದಿನ ಕೇಳಿದ. "ನಾಳೆ ನನ್ನ ಅಂಗಡಿಗಿ ಯಾರೂ ಬರಲಿಲ್ಲಂದ್ರ? ನೀ ಮುಂಬಯಿಯಾಗ ಇದ್ದು ಬಂದಾಕಿ. ನಾ ಇಲ್ಲೇ ಬಾಳೇವು ಮಾಡಬೇಕು."

"ಅವ ಉಳಸ್ಕೊಳ್ಳಲಿಲ್ಲಂದ್ರ ನಾ ಉಳಸ್ತೇನಿ" ಎಂದಳು. ಹೇಳಿದಷ್ಟು ಧೈರ್ಯ ಒಳಗಿರಲಿಲ್ಲ. ತಮ್ಮನ ಮುಖ ನೋಡದೆ ಬೋಲ್ಟು ಬಿಗಿಯುತ್ತ ಹೋದಳು.

ಫೆಬ್ರುವರಿಯ ಒಂದು ಬೆಳಿಗ್ಗೆ ಮಷೀನು ಸಿದ್ಧವಾಯಿತು. ಸುದ್ದಿ ಹೇಗೋ ಹಬ್ಬಿ ಹಿತ್ತಲ ತುಂಬ ಜನ. ಶಂಕ್ರೆಪ್ಪ ಕರೆಂಟಿನ ಖಟಕಿ ಒತ್ತಿದ. ಮೋಟಾರು ಗುಂಯ್ ಎಂದಿತು. ಒಳಗೆ ಕೊಳವೆಯ ತೂತುಗಳಿಂದ ನೀರು ಮುದುಕನ ಬಾಯಿಂದ ಜೊಲ್ಲು ಸುರಿದ ಹಾಗೆ ಸುರಿಯಿತು, ಅಷ್ಟೆ. ಕೊಳವೆ ಅಲುಗಲಿಲ್ಲ.

"ಇದಕಿಂತ ನಮ್ಮ ಎಮ್ಮಿ ಜೋರ ಹೊಯ್ತೈತಿ!" ಎಂದು ಯಾರೋ ಕೂಗಿದರು. ನಗೆ ಎದ್ದಿತು. ನಿಜಗುಣಪ್ಪನೂ ನಕ್ಕ. ಅವನ ನಗೆಯಲ್ಲಿ ನಿರಾಳ ಇದ್ದದ್ದನ್ನು ರಾಯವ್ವ ಗುರುತಿಸಿದಳು. ಅವನಿಗೆ ಶರತ್ತು ನೆನಪಿತ್ತು, ಹಾಗಾದರೆ.

ಅವಳು ಮೋಟಾರು ನಿಲ್ಲಿಸಿ ನೆಲದ ಮೇಲೆ ಅಡ್ಡ ಮಲಗಿದಳು. ಪಂಪಿನ ಮುಚ್ಚಳ ಬಿಚ್ಚಿ ಪಂಖದ ಎಲೆಗಳನ್ನು ಬೆರಳಿನಿಂದ ಸವರಿ ನೋಡಿದಳು. ಎಲೆಗಳು ಎಡಕ್ಕೆ ಬಾಗಿದ್ದವು. ನಿಜಗುಣಪ್ಪನ ಮಷೀನಿನ ಹಳೆಯ ಪಂಖದ ಚೂರು ತೆಗೆದು ಪಕ್ಕದಲ್ಲಿ ಹಿಡಿದಳು. ಅದರದು ಬಲಕ್ಕೆ.

"ಶಂಕ್ರಾ, ಕಿತ್ತೂರಿಂದು ಉಲ್ಟಾ ತಿರಗೂದು. ಮೋಟರಿನ ವಾಯರ ಅದಲ ಬದಲ ಮಾಡು."

"ಉಲ್ಟಾ ತಿರಗಿದ್ರ ನಟ್ಟು ಬಿಚ್ಚಿಕೊಂಡ ಬರತೈತಲ್ಲ ಅಕ್ಕಾ?"

"ಬರತೈತಿ. ಅದಕ್ಕ ತೂತ ಹಾಕಿ ಪಿನ್ನ ಹೊಡಿಯೋಣು."

ಜನ ಅರ್ಧ ಕರಗಿದ್ದರು. ಅಕ್ಕ ತಮ್ಮ ಮಾತಿಲ್ಲದೆ ಕೆಲಸ ಮಾಡಿದರು. ತೂತು ಕೊರೆದು, ಪಿನ್ನು ಹೊಡೆದು, ವಾಯರು ಬದಲಿಸಿ, ಮುಚ್ಚಳ ಬಿಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎರಡನೆಯ ಸಲ ಖಟಕಿ ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಮರುಕ್ಷಣ ಪೆಟ್ಟಿಗೆಯೊಳಗೆ ಆಣೆಕಲ್ಲು ಮಳೆ ಹೊಡೆದಂತೆ ಸದ್ದೆದ್ದಿತು. ತಗಡಿನ ಮಾಡು ನಡುಗಿತು. ಮುಂದೆ ನಿಂತವರು ಹಿಂದಿನವರ ಕಾಲು ತುಳಿದರು. ರಾಯವ್ವ ಹನ್ನೊಂದು ವರ್ಷ ಕೇಳಿದ ಸದ್ದು ಅದು.

ಚನ್ನವ್ವ ಎಂಜಲು ಕಪ್ಪುಗಳ ಬುಟ್ಟಿ ತಂದಿಟ್ಟಳು. ರಾಯವ್ವ ಕಪ್ಪುಗಳನ್ನು ತಂತಿಯ ತಟ್ಟೆಯಲ್ಲಿ ಬೋರಲು ಹಾಕತೊಡಗಿದಳು. ಅರ್ಧ ತಟ್ಟೆ ತುಂಬಿದ ಮೇಲೆ ಕೈ ನಿಲ್ಲಿಸಿ ನಿಜಗುಣಪ್ಪನತ್ತ ನೋಡಿದಳು. "ಇನ್ನ ಏಳ ಕಪ್ಪ ಬರಬೇಕ್ರಿ."

ನಿಜಗುಣಪ್ಪ ಗಂಟಲು ಸರಿಮಾಡಿಕೊಂಡ. "ನೋಡ ರಾಯವ್ವ, ನಿನಗ ಸೀರಿ ಉಡಸ್ತೇನಿ, ಕೂಲಿ ದುಪ್ಪಟ್ಟ ಕೊಡತೇನಿ. ಅದೊಂದ ಬಿಡು. ಗಿರಾಕಿ ಹೋಗತಾರ."

"ಸೀರಿ ನನ್ನ ಹತ್ರ ಅದಾವು."

"ಹಟಾ ಮಾಡಬ್ಯಾಡ."

ರಾಯವ್ವ ಎದ್ದಳು. ಹಿತ್ತಲಿನಿಂದ ರಸ್ತೆಗೆ ಹೋಗಲು ಓಣಿಯಿತ್ತು. ಅವಳು ಓಣಿ ಹಿಡಿಯಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ, ಕುದಿಯುತ್ತಿದ್ದ ಚಹಾದ ಪಾತ್ರೆಯ ಪಕ್ಕದಿಂದ, ಬೆಂಚುಗಳ ನಡುವಿನಿಂದ, ಬಸಿಯೆತ್ತಿ ಬಾಯಿಗಿಟ್ಟುಕೊಂಡವರ ಮುಂದಿನಿಂದ ನೆಟ್ಟಗೆ ನಡೆದು ಹೊರಗೋಡೆಯ ಗೂಡಿಗೆ ಹೋದಳು. ಏಳೂ ಕಪ್ಪುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಅದೇ ದಾರಿಯಲ್ಲಿ ತಿರುಗಿ ಬಂದಳು. ಸೆರಗಿನಲ್ಲಿ ಕಪ್ಪುಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಯಾರೂ ಅವಳನ್ನು ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು.

ಏಳನ್ನೂ ಉಳಿದವುಗಳ ನಡುನಡುವೆ ಬೋರಲು ಹಾಕಿ, ಬಾಗಿಲೆಳೆದು, ಖಟಕಿ ಒತ್ತಿದಳು.

ಬಾಗಿಲು ತೆರೆದಾಗ ಹಬೆಯ ನಡುವೆ ಐವತ್ತು ಬಿಳಿ ಕಪ್ಪುಗಳು ಹೊಳೆದವು. ಒಂದೇ ಅಂಗಡಿಯಿಂದ ಒಂದೇ ಗಂಟಿನಲ್ಲಿ ತಂದವು; ಗೂಡಿನವು ಯಾವುವು ಎಂದು ಈಗ ನಿಜಗುಣಪ್ಪನಿಗೂ ಹೇಳಲಾಗುತ್ತಿರಲಿಲ್ಲ. ಬೆಂಚಿನಿಂದ ಐದಾರು ಜನ ಎದ್ದು ಹೊರನಡೆದರು. ಒಬ್ಬ ಬಾಗಿಲಲ್ಲಿ ಉಗುಳಿ ಹೋದ.

"ಎತ್ತಿ ರಸ್ತೆಕ್ಕ ಒಗೀರಿ ಆ ಮಷೀನ!" ನಿಜಗುಣಪ್ಪ ಕೂಗಿದ. "ಕಪ್ಪೆಲ್ಲಾ ಒಡದ ಹಾಕ್ರಿ!"

"ಒಡೀರಿ" ಎಂದಳು ಚನ್ನವ್ವ. ಅವಳು ತನ್ನ ಎರಡೂ ಕೈಗಳನ್ನು ಗಂಡನ ಮುಂದೆ ಚಾಚಿದ್ದಳು. ಬೆರಳ ಸಂದಿಗಳಲ್ಲಿ ರಕ್ತ ಒಣಗಿತ್ತು. "ಹೊಸಾವು ತರ್ರಿ. ತಂದು ನೀವs ತೊಳೀರಿ. ಇವತ್ತಿನಿಂದ ನಾ ಸೋಡಾದ ನೀರಿಗಿ ಕೈ ಹಾಕಾಕಿ ಅಲ್ಲ."

ನಿಜಗುಣಪ್ಪ ಹೆಂಡತಿಯನ್ನು ನೋಡಿದ, ಜನರನ್ನು ನೋಡಿದ. ಮಾಸ್ತರರು ಗೋಡೆಗೆ ಆತುಕೊಂಡು ನಿಂತಿದ್ದರು. "ನೀವು ಆತು ಅಂದಿದ್ರಿ, ನಿಜಗುಣಪ್ಪ. ನಾ ಕೇಳೇನಿ" ಎಂದರು ಮೆಲ್ಲಗೆ.

ರಾಯವ್ವ ಇವರ ಮಾತು ಮುಗಿಯಲೆಂದು ಕಾಯಲಿಲ್ಲ. ಬಿಸಿಬಿಸಿ ಕಪ್ಪೊಂದನ್ನು ತಟ್ಟೆಯಿಂದ ಎತ್ತಿಕೊಂಡು ಒಳಗೆ ಹೋಗಿ ಖಾಲಿಯಾದ ಬೆಂಚಿನ ನಡುವೆ ಕೂತಳು. "ಒಂದ ಚಹಾ ಕೊಡ್ರಿ" ಎಂದಳು. ಯಾರೂ ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚನ್ನವ್ವನೇ ಬಂದು ಸುರಿದಳು, ಎತ್ತರದಿಂದಲ್ಲ, ಬಗ್ಗಿ. ಅದು ಪ್ರೀತಿಯೇನಲ್ಲ, ಅವಳ ಮುಖ ಬಿಗಿದೇ ಇತ್ತು. ಆದರೂ ಸುರಿದಳು.

ಮುಂದಿನ ದಿನಗಳು ಸುಲಭದವಾಗಿರಲಿಲ್ಲ. ಹೋಟೆಲ್ಲಿನ ಹಳೆಯ ಗಿರಾಕಿಗಳು ಪೇಟೆಯ ಇನ್ನೊಂದು ಹೋಟೆಲ್ಲಿಗೆ ಹೋದರು. ಶಂಕ್ರೆಪ್ಪನ ಅಂಗಡಿಯಿಂದ ಇಬ್ಬರು ರೈತರು ರಿಪೇರಿಗೆ ಕೊಟ್ಟ ಮೋಟಾರುಗಳನ್ನು ಬಿಚ್ಚಿದ ಹಾಗೆಯೇ ಹೊತ್ತುಕೊಂಡು ಹೋದರು. ಒಂದು ಸಂಜೆ ಯಾರೋ ಅಂಗಡಿಯ ತಗಡಿಗೆ ಕಲ್ಲೆಸೆದರು. "ನಿನಗ ಸಮಾಧಾನಾತೇನು?" ಎಂದು ಶಂಕ್ರೆಪ್ಪ ಅಕ್ಕನ ಮೇಲೆ ರೇಗಿ ಎರಡು ದಿನ ಮಾತು ಬಿಟ್ಟ. ರಾಯವ್ವ ಕಲ್ಲು ಬಿದ್ದ ತಗಡನ್ನು ತಾನೇ ತಟ್ಟಿ ನೆಟ್ಟಗೆ ಮಾಡಿದಳು. ಮಷೀನು ನಡೆಸುವ ಕೆಲಸ ಈಗ ಅವಳಿಗೇ ಬಂದಿತ್ತು; ಮರುದಿನ ಬೆಳಿಗ್ಗೆ ಎಂದಿನಂತೆ ಹೋಟೆಲ್ಲಿಗೆ ಹೋದಳು, ಮುಂಬಾಗಿಲಿನಿಂದ.

ಅಷ್ಟರಲ್ಲಿ ಹತ್ತಿಯ ಸುಗ್ಗಿ ಬಂತು. ನಾಲ್ಕು ತಾಲೂಕಿನ ಗಾಡಿಗಳು ಬೈಲಹೊಂಗಲದ ಪೇಟೆಗೆ ಇಳಿದವು. ಹಸಿದು ಬಂದ ಪರಸ್ಥಳದವರಿಗೆ ಕಪ್ಪಿನ ಇತಿಹಾಸ ಬೇಕಿರಲಿಲ್ಲ. ಹೋಟೆಲ್ಲಿನ ಬೆಂಚುಗಳು ಮತ್ತೆ ತುಂಬಿದವು. ಮೋಟಾರು ಸುಟ್ಟ ರೈತರಿಗೂ ಬೆಳೆ ಒಣಗುತ್ತಿತ್ತು, ಒಬ್ಬೊಬ್ಬರಾಗಿ ಶಂಕ್ರೆಪ್ಪನಲ್ಲಿಗೆ ತಿರುಗಿ ಬಂದರು. ನಿಜಗುಣಪ್ಪ ತಪ್ಪಾಯಿತೆಂದು ಯಾವತ್ತೂ ಹೇಳಲಿಲ್ಲ. ಒಂದು ದಿನ ಹೊರಗೋಡೆಗೆ ಸುಣ್ಣ ಹೊಡೆಸುವಾಗ ಗೌಂಡಿಗೆ ಹೇಳಿ ಗೂಡನ್ನು ಇಟ್ಟಿಗೆಯಿಂದ ಮುಚ್ಚಿಸಿದ, ಅಷ್ಟೆ. ಕೆಲವು ಹಳೆಯ ಗಿರಾಕಿಗಳು ಕಡೆಯವರೆಗೂ ಬರಲಿಲ್ಲ. ಬಂದವರಲ್ಲಿ ಒಬ್ಬ, ತನಗೆ ಮಷೀನಿನ ಕಪ್ಪು ಬೇಡ, ಬೇರೆ ತೊಳೆದು ಕೊಡಿ ಎಂದಾಗ ರಾಯವ್ವ ಹಿತ್ತಲ ಬಾಗಿಲಿನಿಂದಲೇ ಹೇಳಿದಳು: "ನಳಾ ಹೊರಗೈತ್ರಿ. ನೀವs ತೊಳಕೋರಿ."

ಕೇರಿಯ ಜನ ಬೆಂಚಿನ ಮೇಲೆ ಕೂಡಲು ಕಲಿತದ್ದು ನಿಧಾನವಾಗಿ. ಮೊದಲು ಹುಡುಗರು, ಆಮೇಲೆ ಹಮಾಲರು. ಶಂಕ್ರೆಪ್ಪ ಮಾತ್ರ ಮಷೀನಿಗೆ ಎಣ್ಣೆ ಬಿಡಲು ಬಂದರೂ ಓಣಿಯಿಂದಲೇ ಹಿತ್ತಲಿಗೆ ಬರುತ್ತಿದ್ದ, ಓಣಿಯಿಂದಲೇ ಹೋಗುತ್ತಿದ್ದ.

ಒಂದು ಶುಕ್ರವಾರದ ಸಂತೆಯ ದಿನ ರಾಯವ್ವ ಹಿತ್ತಲಲ್ಲಿ ತಟ್ಟೆ ತುಂಬಿ ತಲೆಯೆತ್ತಿ ಒಳಬಾಗಿಲಿನಿಂದ ನೋಡಿದಾಗ ಶಂಕ್ರೆಪ್ಪ ಹೋಟೆಲ್ಲಿನ ಮುಂಬಾಗಿಲಲ್ಲಿ ನಿಂತಿದ್ದ. ಕೈಗೆ ಗ್ರೀಸು ಹತ್ತಿತ್ತು. ಒಳಗಡಿ ಇಟ್ಟು, ಹಿಂದೆ ತೆಗೆದು, ಮತ್ತೆ ಇಟ್ಟ. ರಾಯವ್ವನಿಗೆ ಓಡಿ ಹೋಗಿ ಕೈ ಹಿಡಿದು ಕರೆತರಬೇಕೆನಿಸಿತು, ಹೋಗಲಿಲ್ಲ. ಅವನು ಬಂದು ಬೆಂಚಿನ ಅಂಚಿನಲ್ಲಿ ಕೂತ. ಪಕ್ಕದಲ್ಲಿ ಉಗರಗೋಳದ ಕಡೆಯ ರೈತನೊಬ್ಬ ಚುರುಮುರಿ ತಿನ್ನುತ್ತಿದ್ದ. ಅವನು ಶಂಕ್ರೆಪ್ಪನ ಕೈಯ ಗ್ರೀಸು ನೋಡಿ, "ಏನ್ರಿ, ಪಂಪ್‌ಸೆಟ್ಟಿನ ಕೆಲಸೇನು? ನಮ್ಮದೊಂದ ಕೆಟ್ಟ ಕುಂತೈತಿ" ಎಂದು ಸರಿದು ಜಾಗ ಮಾಡಿಕೊಟ್ಟ.

"ಏನಾಗೇತ್ರಿ ಅದಕ್ಕ?" ಎಂದು ಕೇಳುತ್ತ ಶಂಕ್ರೆಪ್ಪ ಬೆಂಚಿನ ಮೇಲೆ ಪೂರ್ತಿ ಕೂತ.